ತಾತ, ಮೊಮ್ಮಗ, ಒಂದು ಹಳೇ ಟ್ರ್ಯಾಕ್ಟರು

ಪಕ್ಕದ ಮನೆಯ ಮುದುಕಿಗೆ ಎರಡು ಬೇಸಿಗೆ ಹುಲ್ಲು ಕತ್ತರಿಸಿಕೊಟ್ಟ ಹದಿನಾರರ ಹುಡುಗನಿಗೆ ಕೊನೆಯ ಕಂತಿನ ಕೂಲಿಯಾಗಿ ಸಿಕ್ಕಿದ್ದು ಹಣವಲ್ಲ, ಒಂದು ಟ್ರ್ಯಾಕ್ಟರು. ಅದೂ ಓಡದ ಟ್ರ್ಯಾಕ್ಟರು. ಆಕೆಯ ಗಂಡ ಬದುಕಿದ್ದಾಗ ಓಡಿಸುತ್ತಿದ್ದದ್ದು. ಆಮೇಲೆ ಇಪ್ಪತ್ತು ವರ್ಷ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. 2023ರ ಮೇ ತಿಂಗಳ ಒಂದು ಶನಿವಾರ ಹುಡುಗನೂ ಅವನ ಇಬ್ಬರು ಗೆಳೆಯರೂ ಅದನ್ನು ತಳ್ಳಿಕೊಂಡು ಬಂದು ಗ್ಯಾರೇಜಿನಲ್ಲಿ ನಿಲ್ಲಿಸಿದರು. ಅಪ್ಪನ ಕಾರು ಹೊರಗೆ ಬಿಸಿಲಿಗೆ ಬಿತ್ತು.

ಊರು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್. ಅಪ್ಪ ತಿಪಟೂರು ಕಡೆಯವರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಕಂಪ್ಯೂಟರಿಗೆ ಬಂದವರು, ಅವರ ಕಾಲದ ಬಹಳ ಮಂದಿಯ ಹಾಗೆ. ಏಪ್ರಿಲ್‌ನಲ್ಲಿ ಊರಿನಿಂದ ತಾತನೂ ಬಂದಿದ್ದರು, ಆರು ತಿಂಗಳ ಮಟ್ಟಿಗೆ. ಮಗನ ಮನೆ ನೋಡಲು ಅಮೆರಿಕಕ್ಕೆ ಹೋದ ಹಿರಿಯರ ಪಾಡು ಗೊತ್ತಿರುವಂಥದ್ದೇ. ಬೆಳಿಗ್ಗೆ ಒಂದು ಸುತ್ತು ನಡಿಗೆ, ಮಧ್ಯಾಹ್ನ ಒಂದು ನಿದ್ದೆ, ಸಂಜೆ ಕಿಟಕಿ.

"ಇದನ್ನೇನೋ ಮಾಡ್ತೀಯ?" ಎಂದರು ಅಪ್ಪ.

"ಓಡಿಸ್ತೀನಿ," ಎಂದ ಹುಡುಗ.

ಅಪ್ಪ ನಕ್ಕುಬಿಟ್ಟರು. ನಗಲು ಕಾರಣವಿತ್ತು. ಪಿಟೀಲು ಎರಡು ವರ್ಷ, ಈಜು ಒಂದು ವರ್ಷ, ಚೆಸ್ಸು ಎಂಟು ತಿಂಗಳು. ಪ್ರತಿಯೊಂದಕ್ಕೂ ಆರಂಭದ ಉತ್ಸಾಹ ಹೇಳತೀರದು. ಒಮ್ಮೆ ತಪ್ಪಿತೋ, ಒಂದು ಪಂದ್ಯ ಸೋತನೋ, ಮಾರನೆಯ ದಿನದಿಂದ ಆ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ. ಪಿಟೀಲು ಈಗಲೂ ಅಟ್ಟದ ಮೇಲಿದೆ. ಸಾಲದ್ದಕ್ಕೆ ಆಗಸ್ಟ್ ಕೊನೆಗೆ ಕಾಲೇಜು ಪ್ರವೇಶದ ಎಸ್.ಎ.ಟಿ. ಪರೀಕ್ಷೆ. "ದಿನಕ್ಕೆ ಒಂದೇ ಗಂಟೆ. ಅರ್ಧಕ್ಕೆ ಬಿಟ್ಟೆಯೋ, ಗುಜರಿಯವನಿಗೆ ಫೋನ್ ಮಾಡ್ತೀನಿ," ಎಂದು ಅಪ್ಪ ಗುಜರಿಯವನ ನಂಬರನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದರು.

ನಮ್ಮ ಹೊಲಗಳ ಟ್ರ್ಯಾಕ್ಟರನ್ನು ನೆನೆದುಕೊಂಡರೆ ಇದು ಆಟದ ಸಾಮಾನು. ಮಹಾಯುದ್ಧದ ನಂತರ ಅಮೆರಿಕದ ನಗರಗಳ ಹೊರವಲಯದಲ್ಲಿ ದೊಡ್ಡ ಅಂಗಳದ ಮನೆಗಳು ಹಬ್ಬಿದಾಗ, ಹುಲ್ಲು ಕತ್ತರಿಸುವುದಕ್ಕೆ, ಕೈತೋಟ ಉಳುವುದಕ್ಕೆ, ಚಳಿಗಾಲದ ಹಿಮ ತಳ್ಳುವುದಕ್ಕೆ ಎಂದು ಹುಟ್ಟಿಕೊಂಡ ಗಾರ್ಡನ್ ಟ್ರ್ಯಾಕ್ಟರು. ಹುಡುಗನಿಗೆ ಸಿಕ್ಕಿದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಮೊದಲ 'ಕಬ್ ಕೆಡೆಟ್'. 1961ರಿಂದ 1963ರವರೆಗಿನ ಮಾದರಿ, ಹಳದಿ ಬಿಳಿ ಬಣ್ಣ, 7 ಅಶ್ವಶಕ್ತಿ. ಅದರ ಹಿಂಬದಿಯ ಗೇರ್‌ಬಾಕ್ಸು ಅದೇ ಕಂಪನಿಯ 'ಫಾರ್ಮಾಲ್ ಕಬ್' ಎಂಬ ನಿಜವಾದ ಹೊಲದ ಟ್ರ್ಯಾಕ್ಟರಿನಿಂದ ಬಂದದ್ದು. ಹಾಗಾಗಿಯೇ ಈ ಗಾತ್ರಕ್ಕೆ ಇಷ್ಟು ಗಟ್ಟಿ.

ಸ್ವಾರಸ್ಯವೆಂದರೆ ಅದು ತಯಾರಾದದ್ದು ಇದೇ ಲೂಯಿವಿಲ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲಿ. ಯುದ್ಧಕಾಲದಲ್ಲಿ ವಿಮಾನ ಮಾಡುತ್ತಿದ್ದ ಕಾರ್ಖಾನೆಯನ್ನು ಕಂಪನಿ 1946ರಲ್ಲಿ ಕೊಂಡಿತ್ತು. 1980ರ ದಶಕದಲ್ಲಿ ಅಲ್ಲಿ ಟ್ರ್ಯಾಕ್ಟರು ಕೆಲಸ ನಿಂತಿತು. ಈಗ ಆ ನಿಲ್ದಾಣಕ್ಕೆ ರಾತ್ರಿಯಿಡೀ ಪಾರ್ಸೆಲ್ ಹೊತ್ತ ವಿಮಾನಗಳು ಇಳಿಯುತ್ತವೆ.

ಇಂಜಿನ್ನು ಮಾತ್ರ ಬೇರೆಯವರದು, ಕೋಹ್ಲರ್ ಕಂಪನಿಯ ಒಂದೇ ಸಿಲಿಂಡರಿನ 'ಕೆ 161'. ಹೌದು, ವಾಷ್‌ಬೇಸಿನ್ ಮೇಲೆ ಹೆಸರು ಕಾಣುವ ಕೋಹ್ಲರೇ. ಅದರ ಫ್ಲೈವ್ಹೀಲ್ ಹಿಡಿದು ಹುಡುಗ ತಿರುಗಿಸಲು ನೋಡಿದ. ಒಂದು ನೂಲೂ ಅಲುಗಲಿಲ್ಲ. ತೇವಕ್ಕೆ ಪಿಸ್ಟನ್ನು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ತಾತ ಮೂರು ದಿನ ಬಾಗಿಲಲ್ಲೇ ನಿಂತು ನೋಡಿದರು. ನಾಲ್ಕನೆಯ ದಿನ ಪಂಚೆ ಎತ್ತಿಕಟ್ಟಿ ಒಳಗೆ ಬಂದರು.

ತಾತನಿಗೆ ಇಂಜಿನ್ ಹೊಸದಲ್ಲ. ಊರಿನ ತೋಟದ ಬಾವಿಗೆ ಒಂದೇ ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ ಇತ್ತು. ಹ್ಯಾಂಡಲ್ ಹಾಕಿ ತಿರುಗಿಸುವ ಜಾತಿಯದು. ಕೆಟ್ಟರೆ ತಿಪಟೂರಿನಿಂದ ಮೇಸ್ತ್ರಿ ಬರುವ ತನಕ ತೆಂಗಿನ ಸಸಿ ಕಾಯುವುದಿಲ್ಲವಲ್ಲ, ತಾವೇ ಬಿಚ್ಚಿ ಕಟ್ಟುವುದನ್ನು ಕಲಿತಿದ್ದರು. ಆದರೆ ಪೆಟ್ರೋಲ್ ಇಂಜಿನ್ ಎಂದರೆ ಅವರಿಗೆ ಗೊತ್ತಿದ್ದದ್ದು ತಮ್ಮ ಹಳೆಯ ಮೊಪೆಡ್ಡಿನಷ್ಟೇ. ಹುಡುಗನಿಗೆ ಮ್ಯಾನುಯಲ್ ಓದಲು ಬರುತ್ತಿತ್ತು, ಸ್ಪ್ಯಾನರ್ ಹಿಡಿಯಲು ಬರುತ್ತಿರಲಿಲ್ಲ. ತಾತನಿಗೆ ಉಲ್ಟಾ. ಹುಡುಗನ ಕನ್ನಡ ಅರೆಬರೆ, ತಾತನ ಇಂಗ್ಲಿಷು ಬೋಲ್ಟು, ನಟ್ಟು, ವಾಷರಿನಷ್ಟು. ಅಷ್ಟರಲ್ಲೇ ನಡೆಯಿತು.

ಕಚ್ಚಿದ ಪಿಸ್ಟನ್ ಬಿಡಿಸಲು ಸೀಮೆಎಣ್ಣೆ ಎಂದರು ತಾತ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಸಮಸಮ ಅಸಿಟೋನ್ ಬೆರೆಸಬೇಕು ಎಂದ ಹುಡುಗ. ಹಳೆಯ ಯಂತ್ರ ರಿಪೇರಿಯ ಹವ್ಯಾಸಿಗಳು ಅಲ್ಲಿ ಬಳಸುವುದು ಅದನ್ನೇ. ತಾತ ಸೋತರು. ಪ್ಲಗ್ಗಿನ ತೂತಿನಿಂದ ಹುಯ್ದರೆ ಪಿಸ್ಟನ್ನಿನ ಮೇಲೆ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂದು ಹೆಡ್ಡನ್ನೇ ತೆಗೆಯುವುದೆಂದಾಯಿತು.

"ಒಂದೊಂದೇ, ನಿಧಾನ. ಬಿಗಿ ಅನ್ನಿಸಿದರೆ ಹಿಂದಕ್ಕೆ ತಿರುಗಿಸು, ಎಣ್ಣೆ ಬಿಡು, ನಾಳೆ ಬಾ," ಎಂದರು ತಾತ. ಎಲ್ಲ ಬೋಲ್ಟುಗಳೂ ಬಂದವು, ಕೊನೆಯದೊಂದು ಬಿಟ್ಟು. ಅಂದು ತಾತ ಒಳಗೆ ಮಲಗಿದ್ದರು. ಹುಡುಗ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಪೂರಾ ತೂಕ ಹಾಕಿದ. ಟಪ್ ಎಂದಿತು. ತಲೆ ಕೈಗೆ ಬಂತು, ಮೈ ಇಂಜಿನ್ನಿನೊಳಗೇ ಉಳಿಯಿತು.

ಹೆಡ್ ಕೈಗೆ ಬಂದರೂ ಹುಡುಗ ಒಳಗೆ ನೋಡಲಿಲ್ಲ. ದೀಪ ಆರಿಸಿ ಕೋಣೆಗೆ ಹೋದ. ಮಾರನೆಯ ದಿನ ಗ್ಯಾರೇಜಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಪ್ಪ ಏನೂ ಕೇಳಲಿಲ್ಲ, ಆದರೆ ಊಟದ ಹೊತ್ತಿನಲ್ಲಿ ಫ್ರಿಜ್ಜಿನ ಕಡೆ ನೋಡಿದ್ದನ್ನು ಎಲ್ಲರೂ ನೋಡಿದರು.

ತಾತ ಮಾತ್ರ ದಿನಾ ಹೋದರು. ಪಿಸ್ಟನ್ನಿನ ಮೇಲೆ ಆ ಕೆಂಪು ಎಣ್ಣೆ ಒಂದು ಲೋಟ, ಮುರಿದ ಬೋಲ್ಟಿನ ಸುತ್ತ ನಾಲ್ಕು ತೊಟ್ಟು. ಅಷ್ಟು ಮಾಡಿ ಸ್ಟೂಲಿನ ಮೇಲೆ ಕೂರುವುದು. ಹೆಡ್ಡಿನಲ್ಲಿ ವಾಲ್ವೇ ಇಲ್ಲವಲ್ಲ ಎಂಬುದು ಅವರಿಗೆ ದೊಡ್ಡ ಸೋಜಿಗ. ಅವರ ಡೀಸೆಲ್ಲಿನಲ್ಲಿ ವಾಲ್ವುಗಳು ಮೇಲಿದ್ದವು. ಇದರಲ್ಲಿ ಪಿಸ್ಟನ್ನಿನ ಪಕ್ಕಕ್ಕೆ, ಬ್ಲಾಕಿನೊಳಗೆ. ಹೆಡ್ಡು ಬರೀ ಮುಚ್ಚಳ.

ಒಂದು ರಾತ್ರಿ ಅಪ್ಪ ಕಸದ ಚೀಲ ಇಡಲು ಬಂದವರು ನಿಂತರು.

"ನೀವು ಯಾಕೆ ಕಷ್ಟ ಪಡ್ತೀರಿ? ಅವನು ಬಿಟ್ಟಾಯಿತು."

ತಾತ ಮಾತಾಡಲಿಲ್ಲ.

"ನನಗೆ ಮುಟ್ಟೋಕೂ ಬಿಡಲಿಲ್ಲ ನೀವು. ನಮ್ಮ ಪಂಪ್‌ಸೆಟ್ಟು."

ಅದು ನಿಜ. ಹತ್ತನೇ ವಯಸ್ಸಿನಲ್ಲಿ ಒಮ್ಮೆ ಅದರ ನಟ್ಟು ಬಿಚ್ಚಿದ್ದಕ್ಕೆ ಕೆನ್ನೆಗೆ ಬಿದ್ದಿತ್ತು. ಎಣ್ಣೆ ಕೈ ಪುಸ್ತಕಕ್ಕೆ ಆಗದು ಎಂಬುದು ಆಗ ತಾತನ ಖಚಿತ ಅಭಿಪ್ರಾಯ. ಮುಂದೆ ಬಾವಿ ಬತ್ತಿತು, ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಪಂಪ್‌ಸೆಟ್ಟು ಮಾರಿದ ದುಡ್ಡು ಮೊದಲ ವರ್ಷದ ಫೀಸಿಗೆ ಸೇರಿತು. ನಾಲ್ಕು ವರ್ಷ ಇಂಜಿನ್ನುಗಳ ಚಿತ್ರ ಬರೆದು ಡಿಸ್ಟಿಂಕ್ಷನ್ ಪಡೆದ ಮಗ ಒಂದು ಇಂಜಿನ್ನನ್ನೂ ಸ್ವಂತ ಕೈಯಲ್ಲಿ ಬಿಚ್ಚಿದವನಲ್ಲ. ತಾತ ಅಂದು ಮಾಡಿದ್ದು ತಪ್ಪೆನ್ನಲೂ ಆಗದು. ಎಣ್ಣೆ ಕೈಯವರಿಗೆ ಆ ಊರಿನಲ್ಲಿ ಏನು ಸಿಗುತ್ತಿತ್ತೆಂಬುದನ್ನು ಅವರು ಕಂಡಿದ್ದರು.

"ಆ ಲೈಟು ಸ್ವಲ್ಪ ಹಿಡಿ," ಎಂದರು ತಾತ. ಅಪ್ಪ ಕಸದ ಚೀಲ ಕೆಳಗಿಟ್ಟು ಹಿಡಿದರು.

ಹತ್ತನೆಯ ದಿನ ಹುಡುಗ ಬಂದ. ಬಂದವನು ಮೊದಲು ನೋಡಿದ್ದು ಬೋಲ್ಟನ್ನು.

"ತಾತ, ನೀವೇ ಯಾಕೆ ತೆಗೀಲಿಲ್ಲ?"

"ಮುರಿದೋನು ನೀನು ತಾನೆ ಮಗ?" ಎಂದರು ತಾತ, ಕೋಪವಿಲ್ಲದೆ.

ಅಷ್ಟರಲ್ಲಿ ಕೆಂಪು ಎಣ್ಣೆ ತನ್ನ ಕೆಲಸ ಮಾಡಿತ್ತು. ಇಬ್ಬರೂ ಫ್ಲೈವ್ಹೀಲ್ ಹಿಡಿದು ಆ ಕಡೆ ಈ ಕಡೆ ಅಲುಗಿಸಿದಾಗ ಪಿಸ್ಟನ್ನು ಒಂದು ಕೂದಲೆಳೆಯಷ್ಟು ಸರಿಯಿತು. ಸಂಜೆಯ ಹೊತ್ತಿಗೆ ಒಂದು ಸುತ್ತು ಬಂತು. ಬೋಲ್ಟು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ದೊಡ್ಡದಕ್ಕೆ ಹೋಗಬೇಕು. ನಡು ತಪ್ಪಿದರೆ ಬ್ಲಾಕಿನ ಎರಕಕ್ಕೇ ಗಾಯ. ಮೂರು ಸಂಜೆ ಹಿಡಿಯಿತು. ಕೊನೆಗೆ ಉಳಿದ ಚೂರನ್ನು ತೆಗೆದು ಹೊಸದಾಗಿ ಟ್ಯಾಪ್ ಹೊಡೆದಾಗ ಟ್ಯಾಪಿನ ಅಳತೆ ಲೆಕ್ಕ ಹಾಕಿಕೊಟ್ಟವರು ಅಪ್ಪ. ಓದಿದ್ದು ಇಪ್ಪತ್ತೈದು ವರ್ಷದ ನಂತರ ಕೆಲಸಕ್ಕೆ ಬಂತು.

ಮಿಕ್ಕದ್ದೆಲ್ಲ ಸಾಮಾನ್ಯ ಕೆಲಸ. ಹೆಡ್ಡಿಗೆ ಹೊಸ ಗ್ಯಾಸ್ಕೆಟ್ಟು. ಕಾರ್ಬೊರೇಟರಿನೊಳಗೆ ಹಳೆಯ ಪೆಟ್ರೋಲು ಅಂಟಾಗಿ ಕೂತಿದ್ದನ್ನು ತೊಳೆದದ್ದು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಪೈಪುಗಳನ್ನು ಬದಲಿಸಿದ್ದು. ಬಣ್ಣ ಉಜ್ಜುವ ಯೋಚನೆಯನ್ನು ಅಮ್ಮ ತಡೆದರು. ಆ ಕಾಲದ ಬಣ್ಣದಲ್ಲಿ ಸೀಸ ಇರುವುದುಂಟು, ಪುಡಿ ಎದೆಗೆ ಹೋದರೆ ವಿಷ. ಹಾಗಾಗಿ ಹಳದಿ ಬಣ್ಣ ಹರಕಾಗಿಯೇ ಉಳಿಯಿತು. ಸೀಟಿನಿಂದ ಬಿದ್ದರೆ ತಾನಾಗಿ ನಿಲ್ಲುವ ಏರ್ಪಾಡು ಅಂಥ ಹಳೆಯ ಯಂತ್ರಗಳಲ್ಲಿ ಇಲ್ಲ. ಹುಲ್ಲು ಕತ್ತರಿಸುವ ಬ್ಲೇಡಿನ ಭಾಗವನ್ನು ಕಳಚಿ ಗೋಡೆಗೆ ಆನಿಸಿಟ್ಟದ್ದೂ ಅಮ್ಮನ ಷರತ್ತೇ.

ಆಗಸ್ಟ್‌ನಲ್ಲಿ ಶಾಲೆ, ಪರೀಕ್ಷೆ. ಕೆಲಸ ಭಾನುವಾರಕ್ಕೆ ಸೀಮಿತವಾಯಿತು. ಎಸ್.ಎ.ಟಿ.ಯಲ್ಲಿ ಅಪ್ಪ ಬಯಸಿದಷ್ಟು ಬರಲಿಲ್ಲ, ಹೆದರಿದಷ್ಟು ಕಡಿಮೆಯೂ ಆಗಲಿಲ್ಲ. ಅಕ್ಟೋಬರ್ ಮೊದಲ ವಾರ ತಾತನ ಆರು ತಿಂಗಳು ಮುಗಿಯಿತು. ಇಂಜಿನ್ನು ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ತಾತ ಹುಡುಗನಿಗೆ ಹೇಳಿದ್ದು ಒಂದೇ: "ಬಾಗಿಲು ತೆಗೆದಿಟ್ಕೊಂಡು ಸ್ಟಾರ್ಟ್ ಮಾಡು. ಹೊಗೆ ಕೆಟ್ಟದ್ದು."

ಮೂರು ವಾರದ ನಂತರ, ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ತಿಪಟೂರಿನಲ್ಲಿ ಸಂಜೆ ಏಳೂವರೆ. ಟ್ರ್ಯಾಕ್ಟರು ಗ್ಯಾರೇಜಿನ ಹೊರಗೆ ಉದುರಿದ ಎಲೆಗಳ ಮೇಲೆ ನಿಂತಿತ್ತು. ಅಪ್ಪ ಫೋನ್ ಹಿಡಿದಿದ್ದರು, ತೆರೆಯ ಮೇಲೆ ತಾತನ ಮುಖ. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ಸೈಲೆನ್ಸರಿನಿಂದ ಗುಂಡು ಹೊಡೆದಂಥ ಸದ್ದು, ಪಕ್ಕದ ಮನೆಯ ಮುದುಕಿ ಬಾಗಿಲಿಗೆ ಬಂದರು. ಮೂರನೆಯ ಸಲ ನೀಲಿ ಹೊಗೆ ಕಾರಿ, ನಡುಗಿ, ಇಂಜಿನ್ನು ಹತ್ತಿಕೊಂಡಿತು. ಹುಡುಗ ಕೂಗಿದ. ಆ ಮುದುಕಿ ಬಾಯಿಗೆ ಕೈ ಹಿಡಿದು ನಿಂತರು.

ಫೋನಿನಲ್ಲಿ ತಾತ ಕಿವಿಯನ್ನು ತೆರೆಗೇ ತಂದಿದ್ದರಿಂದ ಕಂಡದ್ದು ಬರೀ ಕಿವಿ.

"ಎಡವುತ್ತಾ ಇದೆ," ಎಂದರು. "ಕೇಳಿಸ್ತಾ? ನಾಲ್ಕಕ್ಕೆ ಒಂದು ಬಿಡ್ತಿದೆ. ಸಿ.ಬಿ. ಪಾಯಿಂಟ್ ನೋಡೋಕೆ ಹೇಳು. ಮೊಪೆಡ್ಡಿನಲ್ಲೂ ಹಿಂಗೇ ಆಗೋದು."

ಹುಡುಗ ಇಂಜಿನ್ ಆರಿಸಿದ. ಪಾಯಿಂಟಿನ ಸಂದು ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ, ಸುಮಾರು ಅರ್ಧ ಮಿಲಿಮೀಟರು ಇರಬೇಕು. ಅಪ್ಪ ಫೋನನ್ನು ಟ್ರ್ಯಾಕ್ಟರಿನ ಮೂತಿಗೆ ಆನಿಸಿಟ್ಟು ಅಂಗಿಯ ತೋಳು ಮಡಚಿದರು.

"ಫೀಲರ್ ಗೇಜ್ ಎಲ್ಲಿಟ್ಟಿದೀಯೋ?" ಎಂದು ಮಗನನ್ನು ಕೇಳಿದರು.