ಎರಡರ ದಾಯಾದಿಗಳು

ತೋಟದ ಗಡಿಯ ಜಗಳ ಕೋರ್ಟಿಗೆ ಹೋಗುವುದು ಬೇಡವೆಂದು ತಂದೆಯವರೂ ಚಿಕ್ಕಪ್ಪನವರೂ ಧರ್ಮಸ್ಥಳಕ್ಕೆ ಹೊರಟರು. ಇಬ್ಬರ ಮಾತನ್ನೂ ಕೇಳಿ ಹೆಗ್ಗಡೆಯವರು ತೀರ್ಪು ಕೊಡುವ ‘ಹೊಯ್ಲು’ ಅಲ್ಲಿ ಉಂಟಷ್ಟೆ. ಬಸ್ಸಿನಲ್ಲಿ ಇಬ್ಬರ ನಡುವೆ ನಾನು.

ಆಗ ನನಗೆ ನಿಘಂಟಿನ ಹುಚ್ಚು. ನಮ್ಮ ‘ನಡುವೆ’ಯಲ್ಲಿ ಎರಡಿಲ್ಲ, ಇಂಗ್ಲಿಷಿನ ‘ಬಿಟ್ವೀನ್’ ಹೊಟ್ಟೆಯಲ್ಲೇ ‘ಟೂ’ವನ್ನು ಇಟ್ಟುಕೊಂಡಿದೆ. ಈ ‘ಟೂ’ವಿನ ಸಂತತಿ ದೊಡ್ಡದು. ಅವಳಿಗೆ ‘ಟ್ವಿನ್’, ಎಳೆ ಕೂಡಿಸಿ ಹೊಸೆದ ಹುರಿಗೆ ‘ಟ್ವೈನ್’. ‘ಟ್ವಿಸ್ಟ್’ ಎಂದರೆ ಇಂಗ್ಲಿಷಿನಲ್ಲಿ ಹೊಸೆಯುವುದು, ಡಚ್ ಭಾಷೆಯಲ್ಲಿ ಜಗಳ! ಸಂಶಯದ ‘ಡೌಟ್’ ಕೂಡ ಲ್ಯಾಟಿನ್ನಿನ ಎರಡಕ್ಕೆ ನೆಂಟ. ಮಧ್ವಾಚಾರ್ಯರ ದ್ವೈತದಲ್ಲಿರುವ ‘ದ್ವಿ’ಯೂ ‘ಟೂ’ವಿನ ದಾಯಾದಿಯೇ. ನಮ್ಮ ‘ಇಬ್ಬಗೆ’ ಮಾತ್ರ ಬೇರೆ ಮನೆತನದ್ದು. ಆದರೂ ಮನಸ್ಸು ಎರಡಾಗುವ ಸಂಕಟ ಅದಕ್ಕೂ ಗೊತ್ತು.

ಧರ್ಮಸ್ಥಳದಲ್ಲಿ ದೇವರು ಶಿವ, ಪೂಜೆಗೆ ಮಾಧ್ವ ಅರ್ಚಕರು, ಆಡಳಿತಕ್ಕೆ ಜೈನ ಮನೆತನ. ಅಲ್ಲಿ ನಿಂತಾಗ ನಮ್ಮ ಗಡಿಕಲ್ಲಿನ ವ್ಯಾಜ್ಯ ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಹಿರಿಯರಿಗೆ ಆಗಲಿಲ್ಲ, ಇಬ್ಬರೂ ಗಟ್ಟಿಯಾಗಿಯೇ ಹೇಳಿಕೊಂಡರು.

ತೀರ್ಪು ಚಿಕ್ಕಪ್ಪನವರ ಕಡೆಗಾಗಲಿಲ್ಲ. ‘ಮಾತು ಬಿಡ ಮಂಜುನಾಥ’ ಎನ್ನುತ್ತಾರಲ್ಲ, ಅವರು ಮರುಮಾತಾಡಲಿಲ್ಲ. ಮರಳುವಾಗ ಬಸ್ಸು ಹತ್ತಿ, “ಅಣ್ಣಾ, ನೀವು ಕಿಟಕಿ ಬದಿಗೆ ಕೂತುಕೊಳ್ಳಿ” ಎಂದು ಪಕ್ಕದಲ್ಲೇ ಕುಳಿತರು. ನಾನು ಹಿಂದಿನ ಸೀಟಿಗೆ ಹೋದೆ.