ಕಾಲೇಜು ನೋಡುವ ಶಾಸ್ತ್ರ

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರವೆಂದು ಒಂದುಂಟು. ಗಂಡಿನ ಕಡೆಯವರು ಬರುವುದು, ಚಾಪೆ ಹಾಸುವುದು, ಉಪ್ಪಿಟ್ಟು ಕೇಸರಿಬಾತುಗಳು ಸರಬರಾಜಾಗುವುದು, ಹುಡುಗಿ ತಲೆ ತಗ್ಗಿಸಿ ಕಾಫಿ ತಂದಿಡುವುದು, ಅರ್ಧ ಗಂಟೆಯೊಳಗೆ ಒಂದು ಜನ್ಮದ ತೀರ್ಮಾನವಾಗಿ ಹೋಗುವುದು—ಇದರ ವಿಧಿವಿಧಾನಗಳನ್ನು ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಆ ಶಾಸ್ತ್ರದಲ್ಲಿ ಹುಡುಗಿಯದು ನೋಡಿಸಿಕೊಳ್ಳುವ ಪಾತ್ರ. ಅವಳೇ ಹೋಗಿ, ತಲೆಯೆತ್ತಿ ನೋಡಿ, ಒಪ್ಪಿಗೆ ಹೇಳುವ ಸಂದರ್ಭ ಬಾಳಿನಲ್ಲಿ ಒಮ್ಮೆಯಾದರೂ ಬರುವುದಾದರೆ ಅದು ಕಾಲೇಜು ನೋಡುವ ಶಾಸ್ತ್ರದಲ್ಲಿ.

ಪಿಯುಸಿ ಫಲಿತಾಂಶ ಬಂದ ಮೇಲೆ ಹೀಗೆ ನೋಡಲು ಬರುವ ಹುಡುಗ ಹುಡುಗಿಯರನ್ನೂ, ಅವರ ಹಿಂದೆ ಕೈಚೀಲ ಹಿಡಿದು ನಿಂತಿರುವ ತಂದೆತಾಯಿಗಳನ್ನೂ ನೀವು ಪ್ರತಿ ವರ್ಷವೂ ನಮ್ಮ ಗೇಟಿನ ಬಳಿ ಕಂಡಿದ್ದೀರಿ. ಅರ್ಜಿಯನ್ನು ಈಗ ಸೈಬರ್ ಅಂಗಡಿಯಲ್ಲಿ ಕುಳಿತು ತುಂಬಬಹುದು. ಕಟ್ಟಡದ ಚಿತ್ರವನ್ನು ಮೊಬೈಲಿನಲ್ಲೇ ನೋಡಬಹುದು. ಆದರೂ ಜನ ಬರುತ್ತಾರೆ. ಫೋಟೋ ನೋಡಿದ ಮಾತ್ರಕ್ಕೆ ಹೆಣ್ಣನ್ನು ಒಪ್ಪಿ ಸುಮ್ಮನಾದವರುಂಟೆ?

ನಾನೂ ಹಾಗೆ ಬಂದವಳೇ. ನಮ್ಮ ತಂದೆಯವರು ರಾಗಿ ಬೆಳೆಯುವವರು. ಅವರ ಓದು ಏಳನೆಯ ತರಗತಿಯವರೆಗೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅದುವರೆಗೆ ಯಾರೂ ಇರಲಿಲ್ಲ. ಒಂದೇ ದಿನ ಎರಡು ಕಾಲೇಜುಗಳನ್ನು ನೋಡಿದೆವು. ಮೊದಲನೆಯದು ಒಂದು ಖಾಸಗಿ ಕಾಲೇಜು. ಗಾಜಿನ ಬಾಗಿಲು, ಸಾಲು ಸಾಲು ಹೂಕುಂಡ, ನುಣ್ಣನೆಯ ಕಾಗದದ ಬಣ್ಣದ ಪುಸ್ತಿಕೆ. ಕುರ್ಚಿ ಕೊಟ್ಟು, ನೀರು ಕೊಟ್ಟು ಬಹಳ ಮರ್ಯಾದೆಯಿಂದ ಮಾತನಾಡಿಸಿದರು. ಶುಲ್ಕದ ಮೊತ್ತ ಕೇಳಿದ ಮೇಲೆ ತಂದೆಯವರು ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ಬತ್ತೀವಿ ಸ್ವಾಮಿ" ಎಂದು ಎದ್ದರು.

ಎರಡನೆಯದು ನಮ್ಮ ಈ ಸರ್ಕಾರಿ ಕಾಲೇಜು. ಇಲ್ಲಿ ಕುರ್ಚಿ ಕೊಡುವವರು ಯಾರೂ ಇರಲಿಲ್ಲ. ಹೊಂಗೆಮರದ ಕೆಳಗೆ ನಿಂತಿದ್ದ ನಮ್ಮನ್ನು ಕಂಡು ಜವಾನರೊಬ್ಬರು ಬಂದು, "ಬನ್ನಿ ಯಜಮಾನ್ರೇ, ಕೇಳಾದೇನೈತೆ, ಸರ್ಕಾರದ್ದು ಅಂದ್ಮೇಲೆ ಎಲ್ಲಾ ನಿಮ್ದೇಯ" ಎಂದು ಒಳಗೆ ಕರೆದುಕೊಂಡು ಹೋದರು. ಸುಣ್ಣ ಉದುರಿದ ಗೋಡೆಗಳನ್ನೂ, ಮುಂದೆ ಸಭಾಂಗಣವಾಗಲಿರುವ ಖಾಲಿ ಜಾಗವನ್ನೂ ಅವರು ಸಮಾನವಾದ ಅಭಿಮಾನದಿಂದ ತೋರಿಸಿದರು. ಪುಸ್ತಕ ಭಂಡಾರದಲ್ಲಿ ಗ್ರಂಥಪಾಲಕರು "ಒಳಗೆ ಹೋಗಿ ನೋಡಮ್ಮ" ಎಂದರು. ಕಪಾಟುಗಳಿಗೆ ಬೀಗವಿರಲಿಲ್ಲ. ಒಂದು ಕಾದಂಬರಿಯನ್ನು ತೆಗೆದು ಹಿಂದಿನ ಪುಟ ತಿರುವಿದೆ. ಅಂಟಿಸಿದ್ದ ಚೀಟಿಯ ತುಂಬ ತಾರೀಖಿನ ಮೊಹರುಗಳು. ಕೊನೆಯದು ಅದಕ್ಕೆ ಹಿಂದಿನ ವಾರದ್ದು. ಈ ಪುಸ್ತಕಗಳನ್ನು ಜನ ಓದುತ್ತಾರೆ ಎಂದು ನನಗೆ ಖಾತರಿಯಾಯಿತು. ಮನಸ್ಸು ಆಗಲೇ ಒಪ್ಪಿಗೆ ಹೇಳಿಬಿಟ್ಟಿತು.

ತಂದೆಯವರು ಮಾತ್ರ ಇಡೀ ದಿನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಸಾಯಂಕಾಲ ನಮ್ಮೂರ ಕಡೀಕೆ ಎಷ್ಟೊತ್ತಿಗೆ ಬಸ್ಸು?"

"ನಾಕೂ ಇಪ್ಪತ್ತಕ್ಕೆ ಒಂದು. ಅದು ತಪ್ಪಿದ್ರೆ ಏಳೂವರೆ" ಎಂದರು ಜವಾನರು.

ತಂದೆಯವರು ನನ್ನ ಕಡೆ ತಿರುಗಿ, "ನಾಕೂ ಇಪ್ಪತ್ತರ ಬಸ್ಸು ತಪ್ಪಬಾರ್ದು ಕಣವ್ವ" ಎಂದರು. ಜೋರು ಮಾಡಲಿಲ್ಲ, ಬೆದರಿಸಲಿಲ್ಲ. ಆದರೆ ಆ ಬಸ್ಸು ತಪ್ಪಿದರೆ ಓದೂ ತಪ್ಪೀತು ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

ಹೀಗೆ ನಾನು ಬಿ.ಎ. ತರಗತಿಗೆ ಸೇರಿದೆ. ಸೇರಿದ ಮೇಲೆ ತಿಳಿದ ಸಂಗತಿ ಏನೆಂದರೆ, ಒಂದು ಕಾಲೇಜಿನಲ್ಲಿ ಎರಡು ಕಾಲೇಜುಗಳಿರುತ್ತವೆ. ಒಂದು, ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಹಾಜರಿ ಪುಸ್ತಕದಲ್ಲಿರುವುದು. ಇನ್ನೊಂದು, ನಾಲ್ಕರ ಗಂಟೆ ಬಾರಿಸಿದ ಮೇಲೆ ಹುಟ್ಟುವುದು. ಕರ್ನಾಟಕ ಸಂಘದ ಸಭೆ, ಚರ್ಚಾಸ್ಪರ್ಧೆ, ನಾಟಕದ ತಾಲೀಮು, ಕಬಡ್ಡಿ ಅಭ್ಯಾಸ—ಪ್ರಕಟಣೆಯ ಹಲಗೆಯ ಮೇಲೆ ಯಾವುದನ್ನು ಓದಿದರೂ ಕೊನೆಯ ಸಾಲು "ಸಂಜೆ ೪ ಗಂಟೆಗೆ ಸರಿಯಾಗಿ" ಎಂದೇ. ಆ ಎರಡನೆಯ ಕಾಲೇಜು ಬಾಗಿಲು ತೆರೆಯುವ ಹೊತ್ತಿಗೆ ನನ್ನಂಥವರು ಬಸ್‌ನಿಲ್ದಾಣದ ಕಡೆ ಓಡುತ್ತಿರುತ್ತೇವೆ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಾಡಿನ ಹೆಂಗಸರು ಟಿಕೆಟ್ಟಿನ ಹಣ ಕೊಡುವುದು ತಪ್ಪಿತು. ನಮ್ಮಂಥ ಮನೆಗಳಿಗೆ ಅದು ದೊಡ್ಡ ಉಪಕಾರ. ಆದರೆ ಟಿಕೆಟ್ಟು ಬಿಟ್ಟಿಯಾದರೂ ಹೊತ್ತು ಬಿಟ್ಟಿಯಾಗಲಿಲ್ಲ.

ನಾಲ್ಕರ ನಂತರ ಉಳಿಯಲಾಗದವಳಿಗೆ ಮಧ್ಯಾಹ್ನದ ಬಿಡುವೇ ಗತಿ. ಅದನ್ನು ನಾನು ಪುಸ್ತಕ ಭಂಡಾರದಲ್ಲಿ ಕಳೆಯತೊಡಗಿದೆ. ಒಂದು ದಿನ ಗ್ರಂಥಪಾಲಕರು, "ದಿನಾ ಬರುತ್ತೀಯಲ್ಲಮ್ಮ, ಹಿಂತಿರುಗಿದ ಪುಸ್ತಕಗಳನ್ನು ಜಾಗಕ್ಕೆ ಸೇರಿಸುವುದಕ್ಕೆ ಕೈಜೋಡಿಸುತ್ತೀಯಾ?" ಎಂದರು. ಅಂದಿನಿಂದ ನನಗೂ ಒಂದು ಉದ್ಯೋಗವಾಯಿತು. ಪುಸ್ತಕದ ಬೆನ್ನಿನ ಮೇಲಿನ ಅಂಕಿಗಳು ಯಾರದೋ ಮನಸ್ವೀ ಲೆಕ್ಕವಲ್ಲ, ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬುವರು ೧೮೭೬ರಲ್ಲಿ ಪ್ರಕಟಿಸಿದ ದಶಾಂಶ ಕ್ರಮ ಎಂದು ಅವರೇ ಹೇಳಿಕೊಟ್ಟರು. ೮೯೪.೮೧೪ ಎಂದರೆ ಕನ್ನಡ ಸಾಹಿತ್ಯ, ಪಕ್ಕದ ೮೯೪.೮೧೧ ತಮಿಳು. ನಮ್ಮ ಪಂಪ ರನ್ನರಿಗೂ ಆ ಮಹಾಶಯರು ಬಾಗಿಲ ಸಂಖ್ಯೆ ಹಾಕಿಕೊಟ್ಟ ಹಾಗಾಯಿತಲ್ಲ ಎಂದು ನಕ್ಕಿದ್ದೆ.

ಗ್ರಂಥಪಾಲಕರು ಇನ್ನೊಂದು ಹೆಸರನ್ನೂ ಹೇಳಿದರು: ಎಸ್. ಆರ್. ರಂಗನಾಥನ್. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಈ ಮಹನೀಯರು ೧೯೧೭ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದವರು. ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ೧೯೩೧ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಪುಸ್ತಕವಿರುವುದು ಬೀಗ ಹಾಕಿಡುವುದಕ್ಕಲ್ಲ, ಉಪಯೋಗಕ್ಕೆ ಎಂಬುದು ಆ ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ. ಓದುಗನ ಹೊತ್ತನ್ನು ಉಳಿಸಬೇಕು ಎಂಬುದು ನಾಲ್ಕನೆಯದು. ಪುಸ್ತಕಗಳನ್ನು ಜೋಡಿಸುತ್ತ ಈ ಸೂತ್ರಗಳನ್ನೇ ಮೆಲುಕು ಹಾಕುತ್ತಿದ್ದ ನನಗೆ, ಇವು ಪುಸ್ತಕಕ್ಕೆ ಮಾತ್ರವೇಕೆ, ಕಾಲೇಜಿಗೂ ಸಲ್ಲಬೇಕಲ್ಲವೆ ಎನ್ನಿಸಿತು. ಕಾಲೇಜಿರುವುದೂ ಉಪಯೋಗಕ್ಕೆ ತಾನೆ? ವಿದ್ಯಾರ್ಥಿಯ ಹೊತ್ತನ್ನು ನೋಡಿಕೊಂಡು ಅದು ನಡೆಯಬೇಡವೆ?

ಈ ಮಾತನ್ನು ಬಸ್ಸಿನ ಗೆಳತಿಯರ ಮುಂದೆ ಇಟ್ಟೆ. ನಮ್ಮ ತರಗತಿಯಲ್ಲಿ ಬಸ್ಸಿನಿಂದ ಬರುವವರು ಅರ್ಧಕ್ಕಿಂತ ಹೆಚ್ಚು. ಎಲ್ಲರೂ ಸಹಿ ಹಾಕಿ, ಕರ್ನಾಟಕ ಸಂಘದ ಸಭೆಯನ್ನು ಮಧ್ಯಾಹ್ನದ ಬಿಡುವಿನಲ್ಲಿ ನಡೆಸಬೇಕೆಂದು ಒಂದು ಅರ್ಜಿ ಬರೆದು ಸಂಘದ ಅಧ್ಯಕ್ಷರಾದ ಕನ್ನಡ ಅಧ್ಯಾಪಕರಿಗೆ ಕೊಟ್ಟೆವು. ಅವರು ಅದನ್ನು ಎರಡು ಸಾರಿ ಓದಿ, "ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲವಲ್ಲಮ್ಮ" ಎಂದರು. ಪಟ್ಟಣದ ಹುಡುಗರು ಸುಲಭವಾಗಿ ಒಪ್ಪಲಿಲ್ಲ. ಬಿಡುವಿನಲ್ಲಿ ಸಭೆಯಾದರೆ ಊಟ ಯಾವಾಗ ಎಂಬುದು ಅವರ ವಾದ, ನ್ಯಾಯವಾದದ್ದೇ. ಕೊನೆಗೆ ಪ್ರಿನ್ಸಿಪಾಲರು, ಬುಧವಾರ ಒಂದು ಗಂಟೆಗೆ ಸಭೆ, ಬುತ್ತಿಯನ್ನು ಸಭೆಯಲ್ಲೇ ಬಿಚ್ಚತಕ್ಕದ್ದು ಎಂದು ತೀರ್ಪು ಕೊಟ್ಟರು. ಆ ಪ್ರಕಾರ ನಮ್ಮ ಮೊದಲ ಚರ್ಚಾಗೋಷ್ಠಿ ಚಿತ್ರಾನ್ನ, ಚಪಾತಿ, ಹುಚ್ಚೆಳ್ಳು ಚಟ್ನಿಗಳ ಮಧ್ಯೆ ನಡೆಯಿತು. ಪರಪಕ್ಷದವನ ಉಪ್ಪಿನಕಾಯಿ ತಿಂದು ಅವನ ವಾದವನ್ನು ಖಂಡಿಸುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು.

ಇಂಥ ಸಂಘಗಳಿಂದ ಏನಾದೀತು ಎಂದು ಮೂಗು ಮುರಿಯುವವರು ಒಂದು ಮಾತನ್ನು ನೆನೆಯಬೇಕು. ೧೯೧೯ರಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರಡಿಸಿದ್ದು ಯಾವ ದೊಡ್ಡ ಮುದ್ರಣ ಸಂಸ್ಥೆಯೂ ಅಲ್ಲ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ. ಅದರ ಸಂಪಾದಕರು ಆ ಕಾಲೇಜಿನ ಅಧ್ಯಾಪಕರಾಗಿದ್ದ ಎ. ಆರ್. ಕೃಷ್ಣಶಾಸ್ತ್ರಿಗಳು. ಹೊಸಗನ್ನಡದ ಎಷ್ಟೋ ಬರಹಗಳಿಗೆ ಆ ಪತ್ರಿಕೆ ತವರಾಯಿತು. ಅವರಿಗೆ ಸಂಜೆ ನಾಲ್ಕೂ ಇಪ್ಪತ್ತರ ಬಸ್ಸು ಇರಲಿಲ್ಲ ಎಂಬುದನ್ನು ಮಾತ್ರ ನಾನು ಸೇರಿಸಬಯಸುತ್ತೇನೆ.

ಎರಡನೆಯ ವರ್ಷ ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವರಾದ ಡಾ. ವಿ. ಕೆ. ಆರ್. ವಿ. ರಾವ್ ಅವರು ೩೭ ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು ೪೦,೦೦೦ ವಿದ್ಯಾರ್ಥಿಗಳೊಡನೆ ಆರಂಭಿಸಿದ ಯೋಜನೆ ಇದು. ವರ್ಷಕ್ಕೆ ೧೨೦ ಗಂಟೆಗಳ ಸೇವೆ. ಅದಲ್ಲದೆ ಒಂದು ಹಳ್ಳಿಯಲ್ಲಿ ೭ ದಿನಗಳ ಶಿಬಿರ. ನೂರಿಪ್ಪತ್ತು ಗಂಟೆಗಳನ್ನು ಭಾನುವಾರಗಳಲ್ಲೂ ಬಿಡುವಿನಲ್ಲೂ ಹೇಗೋ ಹೊಂದಿಸಬಹುದಿತ್ತು. ಆದರೆ ಏಳು ದಿನ ಎಂದರೆ ಏಳು ರಾತ್ರಿಗಳೂ ಹೌದು. ನಾಲ್ಕೂ ಇಪ್ಪತ್ತರ ಬಸ್ಸಿನ ಮನೆಯಲ್ಲಿ ಏಳು ರಾತ್ರಿಗಳ ಮಾತನ್ನು ಹೇಗೆ ಎತ್ತುವುದು?

ಎತ್ತಿದೆ. ಮೂರು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ನಾಲ್ಕನೆಯ ದಿನ ನಮ್ಮ ತಾಯಿ, "ಮದುವೆ ಮಾಡಿ ಕಳ್ಸಿದ್ರೆ ಜನ್ಮವೆಲ್ಲ ಬ್ಯಾರೆ ಮನೇಲಿ ಇರ್ಬೇಕು. ಏಳು ದಿನಕ್ಕೆ ಯಾಕಿಷ್ಟು ಯೋಚ್ನೆ?" ಎಂದರು. ಆ ತರ್ಕಕ್ಕೆ ತಂದೆಯವರಲ್ಲಿ ಉತ್ತರವಿರಲಿಲ್ಲ. ಶಿಬಿರದಲ್ಲಿ ಅಧ್ಯಾಪಕಿಯರಿಬ್ಬರು ನಮ್ಮೊಡನೆಯೇ ಇರುತ್ತಾರೆಂದು ತಿಳಿದ ಮೇಲೆ ಒಪ್ಪಿಗೆ ಸಿಕ್ಕಿತು.

ಶಿಬಿರದಲ್ಲಿ ನಮ್ಮ ಪಾಲಿಗೆ ಬಂದ ಕೆಲಸ, ದೇವಸ್ಥಾನದ ಮುಂದಿನ ಕಲ್ಯಾಣಿಯ ಹೂಳೆತ್ತುವುದು. ಮೂರನೆಯ ದಿನ ಬೆಳಗ್ಗೆ ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದೇನೆ. ಮೇಲೆ ನಮ್ಮ ತಂದೆಯವರು ನಿಂತಿದ್ದಾರೆ! "ಸಂತೆಗೆ ಬಂದಿದ್ದೆ, ಹಂಗೇ ಬಂದೆ" ಎಂದರು. ಆ ದಿನ ಆ ಕಡೆ ಯಾವ ಸಂತೆಯೂ ಇರಲಿಲ್ಲವೆಂಬುದು ರೈತನ ಮಗಳಾದ ನನಗೆ ತಿಳಿಯದ ವಿಷಯವಲ್ಲ. ಸುಮ್ಮನಿದ್ದೆ.

ಅವರು ಸ್ವಲ್ಪ ಹೊತ್ತು ನೋಡಿದರು. ಕೆಳಗೆ ಪಟ್ಟಣದ ಹುಡುಗನೊಬ್ಬ ಗುದ್ದಲಿಯೊಂದಿಗೆ ಯುದ್ಧ ಹೂಡಿದ್ದ. ತಂದೆಯವರಿಗೆ ತಡೆಯಲಾಗಲಿಲ್ಲ. ಪಂಚೆಯನ್ನು ಎತ್ತಿ ಕಟ್ಟಿ ಇಳಿದೇಬಿಟ್ಟರು. "ಹಂಗಲ್ಲ ಕಣಪ್ಪ, ಕೈ ನೋಯ್ತದೆ. ಸೊಂಟ ಬಗ್ಸು, ಗುದ್ದಲಿ ಭಾರವೇ ಕೆಲ್ಸ ಮಾಡ್ಲಿ" ಎಂದು ತೋರಿಸಿಕೊಟ್ಟರು. ಹುಡುಗರೆಲ್ಲ ಸುತ್ತ ನೆರೆದರು. ಶಿಬಿರಾಧಿಕಾರಿಗಳಾದ ಇತಿಹಾಸದ ಅಧ್ಯಾಪಕರು ತಾವೂ ಒಂದು ಗುದ್ದಲಿ ಹಿಡಿದು, "ನನಗೂ ಹೇಳಿಕೊಡಿ ಮೇಷ್ಟ್ರೇ" ಎಂದರು. ಏಳನೆಯ ತರಗತಿಗೆ ಶಾಲೆ ಬಿಟ್ಟವರನ್ನು ಕಾಲೇಜು ಅಧ್ಯಾಪಕರೊಬ್ಬರು ಮೇಷ್ಟ್ರೇ ಎಂದು ಕರೆದದ್ದನ್ನು ನಾನು ಕಿವಿಯಾರೆ ಕೇಳಿದೆ.

ಮಧ್ಯಾಹ್ನ ನಮ್ಮೊಡನೆ ಸಾಲಿನಲ್ಲಿ ಕುಳಿತು ಉಂಡರು. ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ಹೊರಡುವಾಗ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಏಳೂವರೆ ಬಸ್ಸೂ ನಮ್ಮೂರಿಗೇ ಬತ್ತದಲ್ಲವ್ವ. ಕೆಲ್ಸ ಇದ್ದ ದಿನ ಅದ್ರಲ್ಲೇ ಬಾ. ನಾನು ಗೇಟ್ ತಾವ ಇರ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿ, "ದಿನಾ ಬ್ಯಾಡ" ಎಂದು ಸೇರಿಸಿದರು.

ಆ ವರ್ಷದ ನಾಟಕದಲ್ಲಿ ನನಗೊಂದು ಸಣ್ಣ ಪಾತ್ರ ಸಿಕ್ಕಿತು. ತಾಲೀಮಿನ ದಿನಗಳಲ್ಲಿ ಏಳೂವರೆಯ ಬಸ್ಸಿನಿಂದ ಇಳಿದರೆ, ಊರ ಗೇಟಿನ ಬಳಿ ಬ್ಯಾಟರಿ ಹಿಡಿದು ತಂದೆಯವರು ನಿಂತಿರುತ್ತಿದ್ದರು.

ಮುಂದಿನ ವರ್ಷ ಈ ಕಾಲೇಜನ್ನು ನೋಡಲು ಬರುವ ತಮ್ಮ ತಂಗಿಯರಿಗೆ, ಅನುಭವದ ಬಲದಿಂದ, ಎರಡು ಮಾತು ಹೇಳಬಹುದು. ಕಟ್ಟಡದ ಬಣ್ಣವನ್ನು ನೋಡಬೇಡಿ. ಪುಸ್ತಕದ ಹಿಂಬದಿಯ ಚೀಟಿಯಲ್ಲಿ ಕೊನೆಯ ಮೊಹರು ಎಂದಿನದು ನೋಡಿ. ಪ್ರಕಟಣೆಯ ಹಲಗೆಯ ಮುಂದೆ ನಿಂತು, ಸಭೆ ಏತಕ್ಕೆ ಎಂಬುದರ ಜೊತೆಗೆ, ಎಷ್ಟು ಗಂಟೆಗೆ ಎಂಬುದನ್ನೂ ಓದಿ. ಆ ಗಂಟೆ ನಿಮ್ಮ ಬಸ್ಸಿಗೆ ಹೊಂದದಿದ್ದರೆ ಅಲ್ಲಿಗೇ ನಿರಾಶರಾಗದೆ, ಸೇರಿದ ಮೇಲೆ ಕೇಳಿ.

ಉಳಿದ ಮಾತು ಸಹಪಾಠಿಗಳಿಗೆ. ನನ್ನ ತಂದೆಯವರು ಕಲ್ಯಾಣಿಗೆ ಇಳಿದರು. ಎಲ್ಲರ ತಂದೆಯವರೂ ಇಳಿಯುವುದಿಲ್ಲ. ನನ್ನ ಪಕ್ಕದಲ್ಲಿ ಕೂರುವ ಗೆಳತಿ ನನಗಿಂತ ಚೆನ್ನಾಗಿ ಹಾಡುತ್ತಾಳೆ. ಅವಳಿಗೆ ಇಂದಿಗೂ ನಾಲ್ಕೂ ಇಪ್ಪತ್ತರ ಬಸ್ಸೇ. ಆಟದ ಮೈದಾನವಂತೂ ಈಗಲೂ ನಾಲ್ಕರ ನಂತರವೇ ತೆರೆಯುತ್ತದೆ. ಅವಳಂಥವರ ಪಾಲಿಗೆ ಎರಡನೆಯ ಕಾಲೇಜೆಂಬುದು ಬುಧವಾರದ ಒಂದು ಗಂಟೆಯಲ್ಲಿ ಮಾತ್ರ ಇದೆ. ಈ ಏಪ್ರಿಲ್ ಕಳೆದರೆ, ಆ ಅರ್ಜಿಗೆ ಸಹಿ ಹಾಕಿದ ನಾವು ಅಂತಿಮ ವರ್ಷದವರು ಪರೀಕ್ಷೆ ಮುಗಿಸಿ ಹೊರಟುಹೋಗುತ್ತೇವೆ. ಒಂದು ಗಂಟೆ ಸೆಖೆ, ಊಟದ ಹೊತ್ತು, ಸಂಜೆಯಾದರೆ ತಂಪು ಎಂದು ಯಾರಾದರೂ ಹೇಳಿಯಾರು. ಅದೆಲ್ಲ ನಿಜವೇ. ಆದರೂ ದಯವಿಟ್ಟು ಆ ಸಭೆಯನ್ನು ಮತ್ತೆ ನಾಲ್ಕಕ್ಕೆ ಹಾಕಬೇಡಿ.