ಸ್ಕ್ರೀನ್‌ಶಾಟಿಗೆ ಎರಡೇ ಸಾಲು



ನಿಮ್ಮ ಪತ್ರ ತಲುಪಿತು. ಆಫೀಸಿನ ಕಂಪ್ಯೂಟರಿನಲ್ಲಿ ಓಡುವ ಗ್ರಾಫನ್ನು ಹತ್ತು ನಿಮಿಷಕ್ಕೊಮ್ಮೆ ಪ್ರಿಂಟ್ ಸ್ಕ್ರೀನ್ ಒತ್ತಿ ಉಳಿಸಿಕೊಳ್ಳುವುದು ಸಾಕಾಗಿ ಹೋಗಿದೆ, ಪ್ರೋಗ್ರಾಮೇ ಇದನ್ನು ಮಾಡಬಾರದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡುತ್ತದೆ. ಪೈಥಾನ್ ಬಲ್ಲ ನಿಮಗೆ ಪಿಲ್ಲೋ ಲೈಬ್ರರಿಯ ಇಮೇಜ್‌ಗ್ರ್ಯಾಬ್ ಸಾಕು. ಚಿತ್ರ ಹಿಡಿಯಲು ಒಂದು ಸಾಲು, ಉಳಿಸಲು ಇನ್ನೊಂದು. ಜಾವಾದಲ್ಲಿ ಇದೇ ಕೆಲಸ ಮಾಡುವ ಕ್ಲಾಸಿಗೆ ರೋಬೋಟ್ ಎಂದೇ ಹೆಸರು!

ಒಳಗೆ ನಡೆಯುವುದು ಬರೀ ನಕಲು. ಪ್ರತಿ ಪಿಕ್ಸೆಲಿನ ಬಣ್ಣವೂ ಮೆಮೊರಿಯಲ್ಲಿ ಅಂಕಿಯಾಗಿ ಕೂತಿರುತ್ತದೆ. ವಿಂಡೋಸಿನ ಹಳೆಯ ಬಿಟ್‌ಬ್ಲಿಟ್ ಫಂಕ್ಷನ್ ಆ ಅಂಕಿಗಳನ್ನು ನಿಮ್ಮ ಪ್ರೋಗ್ರಾಮಿನ ಕೈಗೆ ಸುರಿಯುತ್ತದೆ. 1920×1080ರ ಸ್ಕ್ರೀನು, ಪಿಕ್ಸೆಲಿಗೆ 4 ಬೈಟ್ ಎಂದರೆ ಸುಮಾರು 83 ಲಕ್ಷ ಬೈಟ್. ಹಾಗೇ ಇಟ್ಟರೆ ಡಿಸ್ಕ್ ಬೇಗ ತುಂಬುತ್ತದೆ, ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್ ಬೇಡ. ಅಕ್ಷರಗಳ ಅಂಚು ಕದಡುತ್ತದೆ, ಅದರಲ್ಲೂ ನಮ್ಮ ಒತ್ತಕ್ಷರಗಳ ಪಾಡು ಕೇಳಬೇಡಿ. ಚಿತ್ರ ಅರ್ಧಂಬರ್ಧ ಕತ್ತರಿಸಿ ಬಂದರೆ ಕೋಡನ್ನು ಬೈಯುವ ಮೊದಲು ಡಿಸ್‌ಪ್ಲೇ ಸ್ಕೇಲ್ ಶೇಕಡಾ 125 ಅಥವಾ 150ಕ್ಕೆ ಏರಿದೆಯೇ ನೋಡಿ.

ಇಷ್ಟು ಸುಲಭವಾದದ್ದೇ ತೊಂದರೆ. ಲಿನಕ್ಸಿನಲ್ಲಿ ಸ್ಕ್ರೀನನ್ನು ನಿಭಾಯಿಸುತ್ತಿದ್ದ ಹಳೆಯ ಎಕ್ಸ್11ರಲ್ಲಿ ಯಾವ ಪ್ರೋಗ್ರಾಮಾದರೂ ಪಕ್ಕದ ವಿಂಡೋದಲ್ಲಿ ಏನಿದೆಯೆಂದು ಇಣುಕಬಹುದಿತ್ತು. ಅದರ ಜಾಗಕ್ಕೆ ವೇಲ್ಯಾಂಡ್ ಬಂದು ಆ ಬಾಗಿಲು ಹಾಕಿತು. 2019ರ ಮ್ಯಾಕ್ ಕ್ಯಾಟಲಿನಾದಿಂದೀಚೆಗೆ ನೀವು ಅನುಮತಿ ಕೊಡದಿದ್ದರೆ ಪ್ರೋಗ್ರಾಮಿಗೆ ಸಿಗುವುದು ವಾಲ್‌ಪೇಪರ್ ಮತ್ತು ತನ್ನದೇ ವಿಂಡೋ ಮಾತ್ರ. ಆಂಡ್ರಾಯ್ಡ್‌ನಲ್ಲಿ ಬ್ಯಾಂಕ್ ಆ್ಯಪ್‌ಗಳ ಸ್ಕ್ರೀನ್‌ಶಾಟ್ ಕಪ್ಪಾಗಿ ಬರುವುದು ಅಥವಾ ಬಾರದೇ ಇರುವುದು ಬೇಕೆಂದೇ ಮಾಡಿದ ಏರ್ಪಾಡು. ಪ್ರೋಗ್ರಾಮರುಗಳು ಇದಕ್ಕೆಲ್ಲ ಗೊಣಗುತ್ತಾರೆ. ನನಗಂತೂ ಸರಿಯೆನ್ನಿಸಿದೆ.

ಏಕೆಂದರೆ ನಿಮ್ಮ ಆ ಎರಡು ಸಾಲಿಗೆ ಯಾವುದು ಗ್ರಾಫ್, ಯಾವುದು ಗುಟ್ಟು ಎಂದು ಗೊತ್ತಿಲ್ಲ. ಅದೇ ಗಳಿಗೆಯಲ್ಲಿ ಮೂಲೆಯಲ್ಲಿ ಮೂಡಿದ ಒಟಿಪಿ, ಸಹೋದ್ಯೋಗಿಯ ವಾಟ್ಸ್‌ಆ್ಯಪ್ ಮೆಸೇಜು, ಯಾರದೋ ಸಂಬಳದ ಪಟ್ಟಿ ಎಲ್ಲವೂ ಫೋಲ್ಡರಿಗೆ ಬಂದು ಬೀಳುತ್ತದೆ. ಮುಂದೆ ಆ ಫೋಲ್ಡರನ್ನು ಯಾರು ತೆರೆದು ನೋಡುತ್ತಾರೋ!

ಆದ್ದರಿಂದ ಇಡೀ ಸ್ಕ್ರೀನ್ ಹಿಡಿಯಬೇಡಿ. ಇಮೇಜ್‌ಗ್ರ್ಯಾಬಿನ ಬಿಬಾಕ್ಸ್ ಎಂಬ ಆಯ್ಕೆಗೆ ಗ್ರಾಫಿನ ನಾಲ್ಕು ಅಂಚಿನ ಅಳತೆ ಕೊಟ್ಟು ಅಷ್ಟನ್ನೇ ಕತ್ತರಿಸಿಕೊಳ್ಳಿ, ಅದರ ಮೇಲೆ ಬೇರೆ ವಿಂಡೋ ಬರದಂತೆ ನೋಡಿಕೊಳ್ಳಿ. ಹಳೆಯ ಚಿತ್ರಗಳನ್ನು ವಾರಕ್ಕೊಮ್ಮೆ ಅಳಿಸಿ. ಆಫೀಸಿನ ಕಂಪ್ಯೂಟರಲ್ಲವೇ, ಓಡಿಸುವ ಮೊದಲು ಮೇಲಿನವರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಕೋಡ್ ಎಲ್ಲಾದರೂ ಕೈಕೊಟ್ಟರೆ ಎರರ್ ಮೆಸೇಜನ್ನು ಹಾಗೇ ನಕಲು ಮಾಡಿ ಕಳಿಸಿ, ಸಂಕೋಚ ಬೇಡ.

ಇಂತಿ ನಿಮ್ಮ ಗೆಳೆಯ